ಕೆತ್ತದೆ ಬಿಟ್ಟ ಬೆಳಕು

ಹಳೆಯ ಫ್ರೆಂಚ್ ಅಂಚೆಚೀಟಿಯೊಂದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿ. ಬರಿಗಣ್ಣಿಗೆ ಕಂಡಿದ್ದ ಮುಖ ಕರಗಿಹೋಗುತ್ತದೆ. ಉಳಿಯುವುದು ನವಿರಾದ ಗೆರೆಗಳು, ಚುಕ್ಕೆಗಳು, ಅವುಗಳ ನಡುವೆ ಬರಿಯ ಕಾಗದ.

ಆ ಗೆರೆಗಳು ಲೇಖನಿಯಿಂದ ಮೂಡಿದವಲ್ಲ. ಮೆದುಮಾಡಿದ ಉಕ್ಕಿನ ತುಂಡಿನ ಮೇಲೆ, ಚೀಟಿಯಷ್ಟೇ ಅಳತೆಯಲ್ಲಿ, ಕನ್ನಡಿಯಲ್ಲಿ ಕಾಣುವಂತೆ ಎಡಬಲ ಅದಲುಬದಲಾಗಿ, ಬ್ಯುರಿನ್ ಎಂಬ ಮೊನಚಾದ ಉಳಿಯಿಂದ ಕೆತ್ತಿದವು. ಕೆತ್ತನೆ ಮುಗಿದ ಮೇಲೆ ಆ ಉಕ್ಕನ್ನು ಗಟ್ಟಿಮಾಡುತ್ತಾರೆ. ಅದರ ಅಚ್ಚಿನಿಂದ ಮುದ್ರಣದ ಉರುಳೆ ಸಿದ್ಧವಾಗುತ್ತದೆ. ಉರುಳೆಗೆ ಶಾಯಿ ಬಳಿದು ಮೇಲ್ಮೈಯನ್ನು ಒರೆಸಿಬಿಡುತ್ತಾರೆ. ಗೀರಿನೊಳಗೆ ನಿಂತ ಶಾಯಿಯಷ್ಟೇ ಕಾಗದಕ್ಕೆ ಇಳಿಯುತ್ತದೆ. ಆಳವಾಗಿ ಕೆತ್ತಿದಲ್ಲಿ ಬಣ್ಣ ಗಾಢ, ಹಗುರವಾಗಿ ಕೆತ್ತಿದಲ್ಲಿ ತಿಳಿ. ಹಾಗಾದರೆ ಹಣೆಯ ಮೇಲಿನ, ಕೆನ್ನೆಯ ಮೇಲಿನ ಬೆಳಕು ಎಲ್ಲಿಂದ ಬಂತು? ಅದು ಉಳಿ ಮುಟ್ಟದೆ ಬಿಟ್ಟ ಜಾಗ.

ಪಿಯೆರ್ ಗಾಂದೋನ್ ಈ ಕಲೆಯ ದೊಡ್ಡ ಹೆಸರುಗಳಲ್ಲೊಂದು. 1899ರಲ್ಲಿ ಹುಟ್ಟಿದವರು; ತಂದೆ ಗಾಸ್ತೋನ್ ಕೂಡ ಅಂಚೆಚೀಟಿಗಳನ್ನು ಕೆತ್ತುತ್ತಿದ್ದವರು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಜರ್ಮನ್ ಸೇನೆಯ ಹಿಡಿತದಿಂದ ಬಿಡುಗಡೆಯಾಯಿತು. ಅದುವರೆಗೆ ಫ್ರಾನ್ಸಿನ ಹಲವು ಚೀಟಿಗಳ ಮೇಲೆ ಇದ್ದದ್ದು ಶತ್ರುವಿನೊಂದಿಗೆ ಕೈಜೋಡಿಸಿದ ಮಾರ್ಷಲ್ ಪೇತಾನ್‌ರ ಮುಖ. 1945ರ ಆರಂಭದಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಗಾಂದೋನ್ ರೂಪಿಸಿದ ಮಾರಿಯಾನ್ ಹೊರಬಂದಳು. ಗಣರಾಜ್ಯದ ಪ್ರತೀಕವಾದ ಆ ಹೆಣ್ಣಿಗೆ ಅವರು ತಮ್ಮ ಹೆಂಡತಿಯ ಮುಖವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರೆಂದು ಹೇಳುತ್ತಾರೆ. ಕತ್ತಲೆಯ ವರ್ಷಗಳನ್ನು ದಾಟಿ ಬಂದ ನಾಡಿನ ಆ ಮುಖದಲ್ಲಿ ಸೇಡಿನ ಸುಳಿವಿಲ್ಲ.

ಎಂಬತ್ತು ದಾಟಿದ ಮೇಲೂ ಅವರ ಕೈ ನಿಲ್ಲಲಿಲ್ಲ. 1982ರ ಚೀಟಿಗಾಗಿ ಅವರು ಕೆತ್ತಿದ್ದು ಚಿತ್ರಕಾರ ದೆಲಾಕ್ರೋವಾ 1830ರಲ್ಲಿ ಬರೆದ, ಲೂವ್ರ್ ಸಂಗ್ರಹಾಲಯದಲ್ಲಿರುವ ಸ್ವಾತಂತ್ರ್ಯದೇವಿಯನ್ನು. ಮೂಲಚಿತ್ರ ಮೂರು ಮೀಟರಿಗೂ ಹೆಚ್ಚು ಅಗಲ. ಹೊಗೆ, ಬಂದೂಕು, ಬಿದ್ದ ದೇಹಗಳು, ಮುನ್ನುಗ್ಗುವ ಜನ ಎಲ್ಲವೂ ಅದರಲ್ಲಿವೆ. ಗಾಂದೋನ್ ಅಷ್ಟನ್ನೂ ಬಿಟ್ಟು ಒಂದು ಮುಖವನ್ನು ಮಾತ್ರ ಉಳಿಸಿಕೊಂಡರು. ಆ ಪುಟ್ಟ ಚೀಟಿಗೆ ಅಷ್ಟೇ ಸಾಕಾಯಿತು.

ಉಕ್ಕಿನಲ್ಲಿ ತಪ್ಪಿದ ಗೆರೆಯನ್ನು ಅಳಿಸುವುದು ಬಹಳ ಕಷ್ಟ. ಆದ್ದರಿಂದ ಕೆತ್ತುವವರು ಎಲ್ಲಿ ಕೆತ್ತಬೇಕು ಎಂಬುದರಷ್ಟೇ ಎಲ್ಲಿ ಕೈ ತಡೆಯಬೇಕು ಎಂಬುದನ್ನೂ ಕಲಿಯುತ್ತಾರೆ. ಇನ್ನೊಂದು ಗೆರೆ ಎಳೆದರೆ ಚಿತ್ರ ತುಂಬಿಕೊಂಡೀತು ಎಂಬ ಆಸೆ ಯಾರಿಗಾದರೂ ಸಹಜ. ಆದರೆ ಆ ಒಂದು ಗೆರೆಗೆ ಕೆನ್ನೆಯ ಬೆಳಕು ಮಂಕಾಗಬಹುದು.

ನಾವೂ ದಿನವೂ ಹತ್ತಿರದವರ ಮನಸ್ಸಿನ ಮೇಲೆ ಮಾತಿನಿಂದ ಗೆರೆ ಎಳೆಯುತ್ತಲೇ ಇರುತ್ತೇವೆ. ಮಗುವನ್ನು ತಿದ್ದುವಾಗ, ಜೊತೆಗೆ ದುಡಿಯುವವರ ತಪ್ಪನ್ನು ತೋರಿಸುವಾಗ, ಮನೆಯವರೊಡನೆ ವಾದಿಸುವಾಗ. ಹೇಳಲೇಬೇಕಾದದ್ದನ್ನು ಹೇಳದೆ ಇರುವುದು ಸಂಯಮವಲ್ಲ. ಉಳಿ ಕೆಳಗಿಟ್ಟು ಕೂತರೆ ಮುಖವೇ ಮೂಡದು. ಆದರೆ ಹೇಳಿ ಮುಗಿದ ಮೇಲೂ ನಾವು ನಿಲ್ಲುವುದಿಲ್ಲ. ಹಳೆಯದನ್ನು ಕೆದಕುತ್ತೇವೆ, ಸೋತವರ ಬಾಯಿಂದ ಸೋಲನ್ನು ಒಪ್ಪಿಸುತ್ತೇವೆ.

ಇಂದು ಗಟ್ಟಿಯಾದ ಮಾತೊಂದನ್ನು ಆಡಬೇಕಾಗಿ ಬಂದರೆ ಸ್ಪಷ್ಟವಾಗಿ ಆಡೋಣ. ಅದು ತಲುಪಿತೆಂದು ಗೊತ್ತಾದ ಕ್ಷಣವೇ ನಿಲ್ಲಿಸೋಣ. ಎದುರಿಗಿರುವವರಿಗೆ ತಲೆಯೆತ್ತಿ ನಿಲ್ಲಲು ಅಷ್ಟು ಜಾಗ ಬೇಕು.