ಮಂದಿ ಮಕ್ಕಳ ತಲೆ

ಬೇಸಿಗೆ ರಜೆಗೆ ಮುಂಚೆ ಮಗ ಒಂದು ಹಾಳೆ ತಂದ. ಮಕ್ಕಳ ಫುಟ್‌ಬಾಲ್ ತಂಡಕ್ಕೆ ಸೇರುವ ಅರ್ಜಿ. ನಾವಿರೋದು ಪಿಟ್ಸ್‌ಬರ್ಗ್ ಹತ್ತಿರ. ಇಲ್ಲಿ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋ ಆಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡೋದು, ಎದುರಾಳಿಗಳು ಮೈಮೇಲೆ ಬಿದ್ದು ಕೆಡವೋದು. ಹಾಳೆಯ ಕೊನೆಗೆ ಸಣ್ಣಕ್ಷರದಲ್ಲಿ ತಲೆಪೆಟ್ಟಿನ ಬಗ್ಗೆ ನಾಲ್ಕು ಸಾಲು, ಕೆಳಗೆ ತಂದೆ-ತಾಯಿಯ ಸಹಿಗೆ ಜಾಗ. ಮಗನಿಗೆ ಎಂಟು ವರ್ಷ. ನಾನು ಸಹಿ ಹಾಕಲಿಲ್ಲ.

ಸೀಸನ್ ಶುರುವಾದ ಮೊದಲ ಭಾನುವಾರ ಟೀವಿ ಮುಂದೆ ಕೂತು ಸ್ಟೀಲರ್ಸ್ ತಂಡಕ್ಕೆ ಕೇಕೆ ಹಾಕ್ತಿದ್ದೆ. ಹೆಂಡತಿ ಅಡುಗೆಮನೆಯಿಂದಲೇ ಅಂದಳು, “ನಮ್ಮ ಹುಡುಗನಿಗೆ ಬೇಡ, ಮಂದಿ ಮಕ್ಕಳಿಗಾದ್ರೆ ಪರವಾಗಿಲ್ಲ, ಅಲ್ವಾ?” ಏನೋ ಹೇಳಿ ತೇಲಿಸಿದೆ. ಆದ್ರೆ ಮಾತು ಒಳಗೇ ಕೂತಿದೆ.

ಈ ಸಮಸ್ಯೆ ಬೆಳಕಿಗೆ ಬಂದದ್ದೂ ಇದೇ ಊರಲ್ಲಿ. ಮೈಕ್ ವೆಬ್‌ಸ್ಟರ್ ಸ್ಟೀಲರ್ಸ್ ತಂಡದಲ್ಲಿದ್ದು ನಾಲ್ಕು ಸೂಪರ್ ಬೌಲ್ ಗೆದ್ದವನು. ಅವನದು ಸೆಂಟರ್ ಜಾಗ; ಅಂದ್ರೆ ಪ್ರತಿ ಸಲ ಚೆಂಡನ್ನು ಹಿಂದಕ್ಕೆ ಕೊಟ್ಟ ಮರುಕ್ಷಣವೇ ಎದುರಿನವನಿಗೆ ಡಿಕ್ಕಿ ಹೊಡೆಯೋ ಕೆಲಸ. 17 ಸೀಸನ್ ಅದನ್ನೇ ಮಾಡಿದ. ಕೊನೆಗಾಲದಲ್ಲಿ ನೆನಪು ಕೆಟ್ಟು, ಸಂಸಾರ ಒಡೆದು, ಎಷ್ಟೋ ರಾತ್ರಿ ತನ್ನ ಪಿಕಪ್ ಟ್ರಕ್ಕಿನಲ್ಲೇ ಮಲಗ್ತಿದ್ದ. 2002ರಲ್ಲಿ ತೀರಿಕೊಂಡಾಗ ವಯಸ್ಸು 50. ಶವಪರೀಕ್ಷೆ ಮಾಡಿದವರು ನೈಜೀರಿಯಾ ಮೂಲದ ಡಾಕ್ಟರ್ ಬೆನೆಟ್ ಒಮಾಲು. ಮಿದುಳು ನೋಡೋಕೆ ಚೆನ್ನಾಗೇ ಇತ್ತು. ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಟೌ ಅನ್ನೋ ಪ್ರೋಟೀನು ಅಲ್ಲಲ್ಲಿ ಗಂಟುಗಟ್ಟಿದ್ದು ಕಂಡಿತು. ಇದೇ ಸಿಟಿಇ ಅನ್ನೋ ಕಾಯಿಲೆ. 2005ರಲ್ಲಿ ಒಮಾಲು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರೆ, ಎನ್‌ಎಫ್‌ಎಲ್ ಲೀಗಿನದೇ ಸಮಿತಿಯ ಡಾಕ್ಟರುಗಳು ಲೇಖನ ವಾಪಸ್ ತಗೊಳ್ಳಿ ಅಂತ ಪತ್ರ ಬರೆದರು. ಆಟಕ್ಕೂ ಕಾಯಿಲೆಗೂ ಸಂಬಂಧ ಇದೆ ಅಂತ ಲೀಗಿನ ಹಿರಿಯ ಅಧಿಕಾರಿಯೊಬ್ಬರು ಸಂಸದರ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ.

2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದವರು 111 ಎನ್‌ಎಫ್‌ಎಲ್ ಆಟಗಾರರ ಮಿದುಳು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ ಸಿಕ್ಕಿತು. ಹಾಗಂತ ನೂರಕ್ಕೆ 99 ಜನರಿಗೆ ಬರುತ್ತೆ ಅಂತಲ್ಲ. ಮಿದುಳು ದಾನ ಕೊಟ್ಟವರಲ್ಲಿ ಮೊದಲೇ ಅನುಮಾನ ಇದ್ದ ಮನೆಯವರೇ ಹೆಚ್ಚು. ನಿಜವಾದ ಪ್ರಮಾಣ ಎಷ್ಟು ಅಂತ ಯಾರೂ ಹೇಳಲಾರರು, ಯಾಕಂದ್ರೆ ಈ ಕಾಯಿಲೆಯನ್ನು ಖಚಿತಪಡಿಸಲು ಇವತ್ತಿಗೂ ಆಟಗಾರ ಸಾಯಬೇಕು.

ಹೆಲ್ಮೆಟ್ ಇದೆಯಲ್ಲ ಅಂತ ಕೇಳಬಹುದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತೆ. ಒಳಗೆ ನೀರಲ್ಲಿ ತೇಲೋ ಮಿದುಳು ಅಲುಗಾಡೋದನ್ನು ತಡೆಯಲ್ಲ. ಅಪಾಯ ಇರೋದು ಪ್ರಜ್ಞೆ ತಪ್ಪಿಸೋ ದೊಡ್ಡ ಪೆಟ್ಟಲ್ಲಿ ಮಾತ್ರ ಅಲ್ಲ. ಎದ್ದು ಮೈ ಕೊಡವಿಕೊಂಡು ಮತ್ತೆ ನಿಲ್ಲುವ ಸಾವಿರಾರು ಸಣ್ಣ ಪೆಟ್ಟುಗಳಲ್ಲೂ ಇದೆ.

ನಮ್ಮೂರ ಜಾತ್ರೆಯಲ್ಲಿ ಟಗರಿನ ಕಾಳಗ ಆಗ್ತಿತ್ತು. ಎರಡು ಟಗರು ಹಿಂದೆ ಸರಿದು, ಓಡಿ ಬಂದು ಕುಟ್ಟಿದ ಸದ್ದಿಗೆ ನಾವು ಹುಡುಗರು ಶಿಳ್ಳೆ ಹೊಡೀತಿದ್ವಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅದು ಅಪರಾಧ. ಕಾರಣ ಸರಳ: ಟಗರು ಬೇಕು-ಬೇಡ ಅನ್ನಲಾರದು. ಫುಟ್‌ಬಾಲ್ ಆಟಗಾರ ಅನ್ನಬಲ್ಲ, ಕೋಟಿಗಟ್ಟಲೆ ಸಂಬಳಾನೂ ತಗೋತಾನೆ. ಕ್ರಿಸ್ ಬೋರ್ಲಂಡ್ ಅನ್ನೋ ಹುಡುಗ ಒಂದೇ ಸೀಸನ್ ಚೆನ್ನಾಗಿ ಆಡಿ, 2015ರಲ್ಲಿ, 24ನೇ ವಯಸ್ಸಿಗೆ, ತಲೆ ಉಳಿಸಿಕೊಳ್ತೀನಿ ಅಂತ ಬಿಟ್ಟುಹೋದ. ಬಿಡದವರು ಗೊತ್ತಿದ್ದೇ ಆಡ್ತಿದ್ದಾರೆ. ಮತ್ತೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ?

ಇದು ನನ್ನ ಮೊದಲ ಉತ್ತರ. ಎರಡು ಕಡೆ ತೂತು ಕಾಣ್ತು.

ಮೊದಲನೆಯದು, ಕಾಲು ಮುರಿದವನು ಆಮೇಲೆ ಕೂತು “ಆಡಿದ್ದು ಸರಿಯೋ ತಪ್ಪೋ” ಅಂತ ಯೋಚಿಸಬಲ್ಲ. ಇಲ್ಲಿ ಕೆಡೋದು ಯೋಚಿಸೋ ಅಂಗಾನೇ. 22ರಲ್ಲಿ ಒಪ್ಪಿದ ವೆಬ್‌ಸ್ಟರ್ ಒಬ್ಬ, 50ರಲ್ಲಿ ಟ್ರಕ್ಕಿನಲ್ಲಿ ಮಲಗಿದ ವೆಬ್‌ಸ್ಟರ್ ಇನ್ನೊಬ್ಬ. ಇವನ ಪರವಾಗಿ ಅವನು ಸಹಿ ಹಾಕಿದ್ದು ಎಷ್ಟು ನ್ಯಾಯ?

ಎರಡನೆಯದು, ಆಯ್ಕೆ ಶುರುವಾಗೋದು 22ರಲ್ಲಿ ಅಲ್ಲ, ಎಂಟರಲ್ಲಿ, ಅಪ್ಪನ ಸಹಿಯಿಂದ. ನನ್ನ ಹಾಗೆ ಓದಿ, ಸಂಬಳ ಬರೋ ಕೆಲಸದಲ್ಲಿರೋ ಅಪ್ಪಂದಿರು ಬೇಡ ಅಂತಾರೆ. ನಮ್ಮ ಮಕ್ಕಳಿಗೆ ಬೇರೆ ನೂರು ದಾರಿ ಇದೆ. ಕಾಲೇಜಿನ ಫೀಸು ಆಟದಿಂದಲೇ ಹುಟ್ಟಬೇಕಾದ ಮನೆಯವರು ಹೂಂ ಅಂತಾರೆ. ಎನ್‌ಎಫ್‌ಎಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರರು ಕಪ್ಪು ಜನ. ಮಾಜಿ ಆಟಗಾರರ ಪರಿಹಾರದ ಒಪ್ಪಂದದಲ್ಲಿ ಮಿದುಳಿನ ಹಾನಿ ಅಳೆಯುವಾಗ, ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿಂದಲೇ ಕಡಿಮೆ ಅಂತ ಹಿಡಿದು ಲೆಕ್ಕ ಹಾಕ್ತಿದ್ದರು. ಅದನ್ನು ಕೈಬಿಡ್ತೀವಿ ಅಂತ ಲೀಗ್ ಹೇಳಿದ್ದು 2021ರಲ್ಲಿ. ಅಂದ್ರೆ ತಲೆ ಒಡೆಸಿಕೊಂಡವನು, ಒಡೆಯೋಕೆ ಮುಂಚೆ ತಲೆ ಸರಿಯಿತ್ತು ಅಂತಲೂ ಸಾಬೀತು ಮಾಡಬೇಕಿತ್ತು.

ಈ ಆಟ ಮುಗೀತು ಅಂತ ಕೆಲವರು ಭವಿಷ್ಯ ನುಡಿಯುತ್ತಾರೆ. ನನಗೆ ಹಾಗನ್ನಿಸಲ್ಲ. 1905ರಲ್ಲಿ ಹುಡುಗರು ಮೈದಾನದಲ್ಲೇ ಸಾಯ್ತಿದ್ದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದ. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಬಿಟ್ಟು ನಿಯಮ ಬದಲಿಸಿದರು, ಆಟ ಉಳಿಯಿತು. ಈಗಲೂ ಉಳಿಯುತ್ತೆ. ಸೂಪರ್ ಬೌಲನ್ನು ಇಲ್ಲಿ 12 ಕೋಟಿ ಜನ ನೋಡ್ತಾರೆ. ನನ್ನ ಭಯ ಬೇರೆ. ಆಟ ಸಾಯಲ್ಲ, ಆಡೋರು ಒಂದು ಜಾತಿ, ನೋಡೋರು ಒಂದು ಜಾತಿ ಆಗ್ತಾರೆ. ಹಾಗಾದ ದಿನ ಅದಕ್ಕೂ ನಮ್ಮೂರ ಟಗರಿನ ಕಾಳಗಕ್ಕೂ ವ್ಯತ್ಯಾಸ ಹೇಳೋದು ಕಷ್ಟ.

ಹಾಗಾದ್ರೆ ನೋಡೋದು ಬಿಟ್ಟೆಯಾ ಅಂತ ಕೇಳಿದ್ರೆ, ಇಲ್ಲ. ಸುಳ್ಳು ಹೇಳಲ್ಲ. ಆದ್ರೆ ಒಂದು ಅಳತೆ ಹಾಕಿಕೊಂಡಿದ್ದೀನಿ: ನನ್ನ ಮಗನಿಗೆ ಒಪ್ಪಿಗೆ ಕೊಡಬಹುದಾದ ಆಟವನ್ನಷ್ಟೇ ನಾನು ನಿಶ್ಚಿಂತೆಯಿಂದ ನೋಡಬಹುದು. ಹದಿನಾಲ್ಕು ತುಂಬೋವರೆಗೆ ಡಿಕ್ಕಿ ಇಲ್ಲದ, ಬರೀ ಸೊಂಟದ ಪಟ್ಟಿ ಕೀಳುವ ಫ್ಲ್ಯಾಗ್ ಫುಟ್‌ಬಾಲ್. ಪೆಟ್ಟು ಬಿದ್ದವನನ್ನು ಆಚೆ ಕೂರಿಸೋಕೆ ತಂಡದ ಸಂಬಳ ತಿನ್ನದ ಡಾಕ್ಟರು. ಆಟ ಬಿಟ್ಟ ಮೇಲೂ ಸಾಯೋತನಕ ಚಿಕಿತ್ಸೆ. ಇಷ್ಟು ಬರೋವರೆಗೆ ನನ್ನ ನಿಶ್ಚಿಂತೆ ಸಾಲದ್ದು, ತೀರಿಸ್ತಿರೋದು ಬೇರೆಯವರು.

ಮಗ ಈಗ ಫ್ಲ್ಯಾಗ್ ಫುಟ್‌ಬಾಲ್ ಆಡ್ತಿದ್ದಾನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲೂ ಅದು ಇದೆ ಅಂತ ಬೀಗ್ತಾನೆ. ಕಳೆದ ಭಾನುವಾರ ಮ್ಯಾಚಿನಲ್ಲಿ ಒಬ್ಬ ಆಟಗಾರ ಬಿದ್ದವನು ಎದ್ದು, ತನ್ನ ಗುಂಪು ಬಿಟ್ಟು ಎದುರಾಳಿಗಳ ಕಡೆ ನಡೆದ. ಪಕ್ಕದ ಮನೆಯಲ್ಲಿ ಯಾರೋ ನಕ್ಕರು. ನಾನು ಟೀವಿಯ ಸದ್ದು ತೆಗೆದೆ. ಚಾನೆಲ್ ಬದಲಾಯಿಸಲಿಲ್ಲ.