ಕಪ್ ಇಲ್ಲದ ಆಟ

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಅದೇ ಹಾಕಿ ಹಬ್ಬದ ಕುಂಡ್ಯೋಳಂಡ ಕಪ್‌ಗೆ 360 ತಂಡ ಸೇರಿ ಗಿನ್ನೆಸ್ ದಾಖಲೆಯೇ ಆಯಿತು. ಅಜ್ಜಿ, ಮೊಮ್ಮಗ, ಬೆಂಗಳೂರಿನಿಂದ ರಜೆ ಹಾಕಿ ಬಂದ ಸಾಫ್ಟ್‌ವೇರ್ ಹುಡುಗ, ಎಲ್ಲರೂ ಒಂದೇ ಒಕ್ಕದ, ಅಂದರೆ ಮನೆತನದ, ಜೆರ್ಸಿಯಲ್ಲಿ. ಇಂಥ ನಾಡಿಗೆ ವ್ಯಾಯಾಮದ ಪಾಠ ಹೇಳುವುದು ಅಧಿಕಪ್ರಸಂಗವೇ. ಆದರೂ ಲಕ್ವ ಹೊಡೆದ ಸುದ್ದಿ ಕೊಡಗಿಗೇನೂ ಹೊಸದಲ್ಲ.

ಮನೆತನದ ಹಿರಿಯ ಮನೆಯಾದ ಐನ್‌ಮನೆಯಿಂದ ಗದ್ದೆಗಿಳಿದು, ನಾಟಿ ಮುಗಿಸಿ ಮತ್ತೆ ಏರು ಹತ್ತುತ್ತಿದ್ದವರಿಗೆ ವ್ಯಾಯಾಮವೆಂಬ ಬೇರೆ ಕೆಲಸ ಇರಲಿಲ್ಲ. ಈಗ ಎಷ್ಟೋ ಗದ್ದೆ ಪಾಳು ಬಿದ್ದಿವೆ, ತೋಟದ ಗೇಟಿಗೂ ಜೀಪೇ ಹೋಗಬೇಕು. ಹಾಕಿ ಹಬ್ಬದಲ್ಲಿ ಓಡಿದ ಕಾಲು ಉಳಿದ ದಿನವೆಲ್ಲ ಕ್ಲಚ್ಚು-ಬ್ರೇಕಿನ ಮೇಲೆ.

ರಕ್ತನಾಳಕ್ಕೆ ಹಬ್ಬ ಗೊತ್ತಿಲ್ಲ. ಬಿರುಸಾಗಿ ನಡೆದಾಗ ರಕ್ತದ ಹರಿವು ನಾಳದ ಒಳಪದರವನ್ನು ಉಜ್ಜುತ್ತದೆ. ಆ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಸಡಿಲವಾಗಿ, ಲಕ್ವಕ್ಕೆ ದಾರಿ ಮಾಡುವ ಬಿಪಿ ಇಳಿಯುತ್ತದೆ. ಆ ಇಳಿತ ಕೆಲವು ಗಂಟೆಗಳದ್ದು. ದಿನವೂ ನಡೆದರೆ ಉಳಿಯುತ್ತದೆ, ಬಿಟ್ಟರೆ ಕೆಲವೇ ವಾರಗಳಲ್ಲಿ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮ. ನಡಿಗೆಯೇ ಸಾಕು.

ಇಷ್ಟು ಅಗ್ಗದ್ದನ್ನೂ ನಾವು ಯಾಕೆ ಮಾಡುವುದಿಲ್ಲ? ಸೋಮಾರಿತನ ಅಂದರೆ ಅರ್ಧ ಉತ್ತರ. ಗೋಲು ಹೊಡೆದರೆ ವಾಲಗ ಉಂಟು, ಚಪ್ಪಾಳೆ ಉಂಟು. ಬೆಳಗಿನ ನಡಿಗೆಗೆ ಸಿಗುವ ಬಹುಮಾನವೋ, ಆಗದೇ ಉಳಿದ ಒಂದು ಅನಾಹುತ. ಅದನ್ನು ನೋಡಿದವರಿಲ್ಲ, ನಮಗೂ ಅದು ಗೊತ್ತಾಗುವುದಿಲ್ಲ. ಲಕ್ವ ಬರದಿದ್ದ ದಿನ ಮಾಮೂಲಿ ದಿನದ ಹಾಗೇ ಇರುತ್ತದೆ: ಕಾಫಿ ಲೋಟ ಹಿಡಿದ ಕೈ ಸೋಲದೆ ಹಿಡಿದಿರುತ್ತದೆ, ಮಾತು ತೊದಲುವುದಿಲ್ಲ. ಫಲ ಕಾಣದ ಕೆಲಸವನ್ನು ದಿನವೂ ಮಾಡುವುದಕ್ಕೆ ಕಾಲಿನ ಕಸುವಿಗಿಂತ ಮನಸ್ಸಿನದ್ದೇ ಹೆಚ್ಚು ಬೇಕು.

ನಡಿಗೆಯೊಂದೇ ಕಾಯುತ್ತದೆ ಎಂದೂ ಅಲ್ಲ. ಏಣಿ ಹತ್ತಿ ಕರಿಮೆಣಸು ಕೊಯ್ಯುವ, ಮೂಟೆ ಹೊತ್ತು ಏರು ಹತ್ತುವ ತೋಟದ ಲೈನ್‌ಮನೆಯ ಕಾರ್ಮಿಕನಿಗೆ ಶ್ರಮದ ಕೊರತೆಯೇ? ಆದರೆ ಅವನ ಬಿಪಿ ನೋಡಿದವರು ಯಾರು? ಹೊಗೆಸೊಪ್ಪು, ಸಂಜೆಯ ಕುಡಿತ, ಉಪ್ಪು, ಇವು ದುಡಿದ ಮೈಯನ್ನೂ ಬಿಡುವುದಿಲ್ಲ.

ಹಾಗಾಗಿ ಹಾಕಿ ಹಬ್ಬದ ಸಮಿತಿಯವರಲ್ಲಿ ಒಂದು ಕೋರಿಕೆ: ನಲವತ್ತು ದಾಟಿದ ಆಟಗಾರರ ಬಿಪಿ ನೋಡಲು ಮೈದಾನದಂಚಿನಲ್ಲಿ ಒಂದು ಮೇಜು ಹಾಕಿಸಿ. ಪಂದ್ಯ ನೋಡಲು ಬಂದ ತೋಟದ ಆಳುಗಳಿಗೂ ಅಲ್ಲಿ ಸರದಿ ಇರಲಿ.