ಖಾಲಿ ಬಿಟ್ಟ ಜಾಗ

1917, ಮೊದಲ ಮಹಾಯುದ್ಧದ ಕಾಲ. ಸೈನಿಕರ ನಡುವೆ ರಕ್ತಭೇದಿ ಹರಡಿತ್ತು. ಜೊತೆಗಿದ್ದವರು ಹಾಸಿಗೆ ಹಿಡಿದರೂ ಒಬ್ಬ ಜರ್ಮನ್ ಸೈನಿಕನಿಗೆ ಮಾತ್ರ ಏನೂ ಆಗಲಿಲ್ಲ. ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯ ಅವನ ಮಲದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಅದು ಇ. ಕೋಲಿ ಜಾತಿಯದು, ಕಲುಷಿತ ನೀರಿನ ಸುದ್ದಿ ಬಂದಾಗಲೆಲ್ಲ ನಾವು ಹೆದರಿಕೊಂಡು ಕೇಳುವ ಹೆಸರು. ಆದರೆ ಈ ತಳಿ ಔಷಧಿಯಾಯಿತು. ಇಂದಿಗೂ ಅದಕ್ಕೆ ನಿಸ್ಲೆಯದೇ ಹೆಸರು.

ಅದು ರೋಗಾಣುಗಳನ್ನು ತಡೆಯುವ ಬಗೆ ಕುತೂಹಲಕರವಾಗಿದೆ. ತನ್ನ ಹತ್ತಿರದ ನೆಂಟರನ್ನು ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ಅದು ಸ್ರವಿಸುತ್ತದೆ, ನಿಜ. ಆದರೆ ಅಷ್ಟೇ ಅಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಸಾಲ್ಮೊನೆಲ್ಲಾ ಬೆಳೆಯಲು ಬೇಕಾದ ಕಬ್ಬಿಣವನ್ನು ಅದು ತಾನೇ ಹೀರಿಕೊಂಡದ್ದು ಕಂಡಿದೆ. ಅಂದರೆ ಅದು ಅಲ್ಲಿ ಇರುತ್ತದೆ, ಉಣ್ಣುತ್ತದೆ. ಬಂದವನಿಗೆ ಎಲೆಯಲ್ಲಿ ಏನೂ ಉಳಿದಿರುವುದಿಲ್ಲ.

ಇದರ ತಿರುವುಮುರುವು ಆಗುವುದೂ ಉಂಟು. ಕಾಯಿಲೆಗೆಂದು ಕೊಟ್ಟ ಆ್ಯಂಟಿಬಯಾಟಿಕ್ ಕರುಳಿನ ಎಷ್ಟೋ ನಿವಾಸಿಗಳನ್ನೂ ಕೊಲ್ಲುತ್ತದೆ. ಆಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ರೋಗಾಣುವಿನ ಬೀಜಾಣುಗಳು, ಔಷಧಿಗೂ ಜಗ್ಗದೆ ಉಳಿದವು, ಮೊಳೆತು ಆ ಜಾಗವನ್ನೆಲ್ಲ ಆಕ್ರಮಿಸಬಲ್ಲವು.

ಇದನ್ನು ಓದುವಾಗ ನನಗೆ ಅಣ್ಣ ನೆನಪಾದ.

ಅವನು ಕುಡಿತ ಬಿಟ್ಟಾಗ ನಾವೆಲ್ಲ ಸೇರಿ ಬಾಟಲಿಗಳನ್ನು ಎಸೆದೆವು. ಜೊತೆಗಾರರ ನಂಬರುಗಳನ್ನು ಅವನ ಫೋನಿನಿಂದ ಅಳಿಸಿದೆವು. ದೇವರ ಮುಂದೆ ಆಣೆ ಮಾಡಿಸಿದೆವು. ಕೆಟ್ಟದ್ದೆಲ್ಲ ತೊಳೆದುಹೋಯಿತು ಎಂದುಕೊಂಡೆವು. ಸಂಜೆ ಏಳರಿಂದ ಹತ್ತರವರೆಗಿನ ಹೊತ್ತನ್ನು ಅವನು ಏನು ಮಾಡಬೇಕು ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಅವನು ಜಗಲಿಯಲ್ಲಿ ಒಬ್ಬನೇ ಕೂತಿರುತ್ತಿದ್ದ, ನಾವು ಒಳಗೆ ಟಿವಿ ನೋಡುತ್ತಿದ್ದೆವು. ನಾಲ್ಕನೇ ತಿಂಗಳು ಮತ್ತೆ ಕುಡಿದು ಬಂದ. ‘ಇವನಿಗೆ ಮನಸ್ಸು ಗಟ್ಟಿಯಿಲ್ಲ’ ಎಂದವರಲ್ಲಿ ನಾನೂ ಒಬ್ಬ.

ಬ್ಯಾಕ್ಟೀರಿಯಾದಿಂದ ನೀತಿಪಾಠ ಕಲಿಯಹೊರಡುವುದು ಅಪಾಯವೆಂದು ನನಗೂ ಗೊತ್ತು. ನಿಸ್ಲೆಯ ತಳಿಗೆ ನಮ್ಮ ಮೇಲೆ ಕರುಣೆಯೇನಿಲ್ಲ. ಅದು ತನ್ನ ಹೊಟ್ಟೆಪಾಡು ನೋಡಿಕೊಳ್ಳುತ್ತದೆ, ಅಷ್ಟೆ. ಅದು ಅಪ್ಪಟ ಸಾಧುವೂ ಅಲ್ಲ. ಡಿಎನ್‌ಎಗೆ ಹಾನಿ ಮಾಡಬಲ್ಲ ವಸ್ತುವೊಂದನ್ನು ತಯಾರಿಸುವ ಜೀನುಗಳು ಅದರಲ್ಲೂ ಇವೆ. ಹಾಗಿದ್ದರೆ ಅದನ್ನು ‘ಒಳ್ಳೆಯ’ ಬ್ಯಾಕ್ಟೀರಿಯಾ ಎನ್ನುವುದು ಹೇಗೆ? ಅದರ ಒಳ್ಳೆಯತನ ಅದರ ಸ್ವಭಾವದಲ್ಲಿ ಇದ್ದಂತಿಲ್ಲ. ಯಾವ ಹೊತ್ತಿಗೆ ಎಲ್ಲಿತ್ತು ಎಂಬುದರಲ್ಲಿದೆ.

ಒಳ್ಳೆಯದೆಂದರೆ ಕೆಟ್ಟದ್ದು ಇಲ್ಲದಿರುವುದು ಎಂದೇ ನಾನು ಬಹುಕಾಲ ನಂಬಿದ್ದೆ. ಈಗ ಅದು ಅರ್ಧ ಕೆಲಸ ಅನಿಸುತ್ತದೆ. ತೆಗೆದುಹಾಕುವುದಕ್ಕೆ ಸಿಟ್ಟು ಸಾಕು, ಒಂದು ದಿನ ಸಾಕು. ಅಲ್ಲಿ ಇರುವುದಕ್ಕೆ ದಿನವೂ ಬೇಕು.

ಬ್ಯಾಕ್ಟೀರಿಯಾಕ್ಕೆ ಯಾವ ಜಾಗ ಖಾಲಿಯಿದೆ, ಯಾರಿಗಾಗಿ ತುಂಬಬೇಕು ಎಂಬುದು ತಿಳಿಯದು. ನನಗೆ ತಿಳಿದಿತ್ತು. ಅಣ್ಣನ ಪಕ್ಕ ಜಗಲಿಯಲ್ಲಿ ಕೂರಲು ನಾನೇನು ಮಹಾ ಒಳ್ಳೆಯವನಾಗಬೇಕಿರಲಿಲ್ಲ. ಎದ್ದು ಹೊರಗೆ ಬಂದಿದ್ದರೆ ಸಾಕಿತ್ತು.